ವಾರ್ಡ್ ಸಿಸ್ಟರ್‌ಗೆ ಕೇಳಿ: ಅಮ್ಮನ ಫೈಲಿನಲ್ಲಿ ‘ತಿಳಿವಳಿಕೆಯ ಕೊರತೆ’

ಈ ತಿಂಗಳ ಅಂಚೆಯಲ್ಲಿ ಶುಗರ್ ಬಿಟ್ಟು ಬೇರೆ ಮಾತೇ ಇಲ್ಲ. ಮಂಡಿನೋವಿನವರು, ನಿದ್ದೆ ಬಾರದವರು ಮುಂದಿನ ಸಂಚಿಕೆವರೆಗೆ ತಾಳಿಕೊಳ್ಳಿ. ಹೊಸ ಓದುಗರಿಗೆ ಒಂದು ಮಾತು: ನಾನು ಡಾಕ್ಟರ್ ಅಲ್ಲ. 33 ವರ್ಷ ಮೆಡಿಕಲ್ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವಳು. ಈಗ ನಿವೃತ್ತಿಯಾಗಿ ಶಿವಮೊಗ್ಗದಲ್ಲಿ ಮಲ್ಲಿಗೆ ಗಿಡಕ್ಕೆ ನೀರು ಹಾಕಿಕೊಂಡಿದ್ದೇನೆ. ಮಾತ್ರೆ ಬದಲಿಸಿ ಕೊಡಿ, ಡೋಸ್ ಹೇಳಿ ಎಂದು ಕೇಳಬೇಡಿ. ಹಾಸಿಗೆ ಪಕ್ಕ ನಿಂತು ಕಂಡದ್ದನ್ನು ಕೇಳಿ, ಹೇಳುತ್ತೇನೆ.

ಪ್ರಶ್ನೆ: ನನ್ನ ತಾಯಿಗೆ 68 ವರ್ಷ. ಶುಗರ್ ಬಂದು 14 ವರ್ಷವಾಯಿತು. ಮೂತ್ರದ ಸೋಂಕಾಗಿ ಆರು ದಿನ ಆಸ್ಪತ್ರೆಯಲ್ಲಿದ್ದರು. ಬಿಲ್ ಕಟ್ಟುವಾಗ ಫೈಲು ಕೈಗೆ ಸಿಕ್ಕಿತು. ಡಾಕ್ಟರ್ ಒಂದು ಡಯಾಗ್ನೋಸಿಸ್ ಬರೆದಿದ್ದರೆ ನರ್ಸ್‌ಗಳು ಬೇರೆಯೇ ಐದು ಬರೆದಿದ್ದಾರೆ! ಅದರಲ್ಲಿ ಒಂದು ‘ತಿಳಿವಳಿಕೆಯ ಕೊರತೆ’. ಅಮ್ಮ ಮೂವತ್ತು ವರ್ಷ ಪಾಠ ಹೇಳಿದ ಟೀಚರ್. ಇದು ಅವಮಾನ ಅಲ್ವಾ?
— ಒಬ್ಬ ಮಗಳು, ಹುಬ್ಬಳ್ಳಿ

ಉತ್ತರ: ನಿಮ್ಮ ಪತ್ರ ಓದಿ ಮೊದಲು ನಗು ಬಂತು. ಆಮೇಲೆ ಬೇಜಾರಾಯಿತು. ಹಾಗೆ ಬರೆದವರು ಅದನ್ನು ನಿಮಗೆ ಬಿಡಿಸಿ ಹೇಳಬೇಕಿತ್ತು.

ಡಾಕ್ಟರ್ ಬರೆಯುವುದು ಕಾಯಿಲೆಯ ಹೆಸರು. ಟೈಪ್ 2 ಡಯಾಬಿಟಿಸ್, ಮೂತ್ರದ ಸೋಂಕು. ಸೇರಿದ ದಿನವೂ ಅದೇ, ಮನೆಗೆ ಹೋಗುವ ದಿನವೂ ಅದೇ. ಆ ಕಾಯಿಲೆ ಹನ್ನೊಂದನೇ ಹಾಸಿಗೆಯ ಈ ಅಮ್ಮನಿಗೆ ಇವತ್ತು ಏನು ಮಾಡುತ್ತಿದೆ, ರಾತ್ರಿಯೊಳಗೆ ಇನ್ನೇನು ಮಾಡಬಹುದು ಎಂದು ಬರೆಯುವುದು ನರ್ಸ್ ಕೆಲಸ. ಅದಕ್ಕೇ ನರ್ಸಿಂಗ್ ಡಯಾಗ್ನೋಸಿಸ್ ಅನ್ನುತ್ತಾರೆ. ಅದು ದಿನದಿಂದ ದಿನಕ್ಕೆ ಬದಲಾಗಬೇಕು. ಆರು ದಿನವೂ ಅದೇ ಐದು ಸಾಲು ಇದ್ದರೆ ಯಾರೋ ರೋಗಿಯನ್ನು ನೋಡದೆ ಹಿಂದಿನ ಪುಟ ನೋಡಿ ಬರೆದಿದ್ದಾರೆ.

ಉಳಿದ ನಾಲ್ಕು ಏನೆಂದು ನೀವು ಹೇಳಿಲ್ಲ. ಆದರೂ ಊಹಿಸಬಲ್ಲೆ. ರಕ್ತದ ಸಕ್ಕರೆ ಏರುಪೇರಾಗುವ ಅಪಾಯ ಖಂಡಿತ ಇರುತ್ತದೆ. ಸೋಂಕಿದ್ದರೆ ಸಕ್ಕರೆ ಏರುತ್ತದೆ. ಜ್ವರದ ಬಾಯಿಗೆ ಊಟ ಸೇರದೆ ಇದ್ದರೆ, ಇನ್ಸುಲಿನ್ ಒಳಗಿದ್ದರೆ, ಇಳಿಯುತ್ತದೆ. ಎರಡೂ ಒಂದೇ ದಿನ ಆಗಬಹುದು. ಆಮೇಲೆ ಸೋಂಕಿನ ಅಪಾಯ. ಕೈಗೆ ಹಾಕಿದ ಡ್ರಿಪ್ ಸೂಜಿ, ಮೂತ್ರದ ಟ್ಯೂಬ್, ಇವೆಲ್ಲ ರೋಗಾಣು ಒಳಗೆ ಬರಲು ನಾವೇ ತೆರೆದಿಟ್ಟ ಬಾಗಿಲು. ಚರ್ಮ ಒಡೆಯುವ ಅಪಾಯ ಒಂದು, ಅದನ್ನು ಕೆಳಗೆ ತೀರ್ಥಹಳ್ಳಿಯವರಿಗೆ ಹೇಳಿದ್ದೇನೆ. ಇನ್ನೊಂದು ಬೀಳುವ ಅಪಾಯ. ಇದನ್ನು ಮನೆಯವರು ಶುಗರ್‌ಗೆ ಜೋಡಿಸಿ ನೋಡುವುದೇ ಇಲ್ಲ. ಸಕ್ಕರೆ ಜಾಸ್ತಿ ಇದ್ದರೆ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕು. ಹಳೆಯ ಶುಗರ್‌ನಲ್ಲಿ ನರ ಸೋತಿದ್ದರೆ, ಮಲಗಿದ್ದವರು ಎದ್ದು ನಿಂತ ಕೂಡಲೇ ಬಿಪಿ ಇಳಿಯುತ್ತದೆ. ಮೇಲಿನ ಅಂಕಿ 20 ಅಥವಾ ಇನ್ನೂ ಜಾಸ್ತಿ ಕೆಳಗೆ ಬಂದರೆ ಕಣ್ಣು ಕತ್ತಲೆ ಬರುವುದುಂಟು. ನೋಟವೂ ಮಂಜು, ಬಾತ್‌ರೂಮಿನ ನೆಲವೂ ಒದ್ದೆ. ಹಾಸಿಗೆಯಿಂದ ಬಾತ್‌ರೂಮಿಗೆ ಹತ್ತು ಹೆಜ್ಜೆ. ನನ್ನ ವಾರ್ಡಿನಲ್ಲಿ ಬಿದ್ದವರಲ್ಲಿ ಬಹಳ ಜನ ಬಿದ್ದದ್ದು ಆ ಹತ್ತು ಹೆಜ್ಜೆಯಲ್ಲಿ.

ಇನ್ನು ನಿಮ್ಮ ಸಿಟ್ಟಿನ ಸಾಲು. ನಿಮ್ಮ ತಾಯಿಗೆ ಆಸ್ಪತ್ರೆಯಲ್ಲಿ ಮೊದಲ ಸಲ ಇನ್ಸುಲಿನ್ ಶುರು ಮಾಡಿದರು ಎಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. 14 ವರ್ಷ ಮಾತ್ರೆ ನುಂಗಿದವರಿಗೆ ಸೂಜಿ ಹಿಡಿಯುವುದು ಹೊಸದೇ. ‘ತಿಳಿವಳಿಕೆಯ ಕೊರತೆ’ ಎಂದರೆ ಅಷ್ಟೇ. ನಮ್ಮಲ್ಲಿ ಒಬ್ಬರು ಫಿಸಿಕ್ಸ್ ಮೇಷ್ಟ್ರು ಅಡ್ಮಿಟ್ ಆಗಿದ್ದರು. ಇನ್ಸುಲಿನ್ ತಂಪಾಗಿರಬೇಕು ಎಂದು ಕೇಳಿ ಬಾಟಲಿಯನ್ನು ಫ್ರೀಜರ್‌ನಲ್ಲಿ ಇಟ್ಟಿದ್ದರು. ಹೆಪ್ಪುಗಟ್ಟಿದ ಇನ್ಸುಲಿನ್ ಕರಗಿದರೂ ಕೆಲಸಕ್ಕೆ ಬರುವುದಿಲ್ಲ, ಎಸೆಯಬೇಕು. ಯಾವುದು ಎಷ್ಟು ಡಿಗ್ರಿಗೆ ಹೆಪ್ಪುಗಟ್ಟುತ್ತದೆ ಎಂದು ನನಗೇ ಪಾಠ ಮಾಡಬಲ್ಲವರು ಅವರು! ಅವರ ಫೈಲಿನಲ್ಲೂ ನಾನು ಅದೇ ಸಾಲು ಬರೆದೆ.

ಆ ಸಾಲು ನಿಜಕ್ಕೂ ನರ್ಸ್ ಮೇಲಿರುವ ಸಾಲ. ಬರೆದ ಮೇಲೆ ತೀರಿಸಬೇಕು. ಸೂಜಿ ಎಲ್ಲಿ ಹಾಕಬೇಕು, ಜಾಗ ದಿನಾ ಹೇಗೆ ಬದಲಿಸಬೇಕು, ಲೋ ಆದರೆ ಏನು ಮಾಡಬೇಕು, ಇದನ್ನೆಲ್ಲ ಅಮ್ಮನ ಕೈಯಲ್ಲೇ ಮಾಡಿಸಿ ನೋಡಿದರಾ? ನೋಡಿದ್ದರೆ ಫೈಲಿನ ಸಾಲನ್ನು ಮರೆತುಬಿಡಿ. ಬರೆದು ಸುಮ್ನೆ ಮನೆಗೆ ಕಳಿಸಿದ್ದರೆ ಜಗಳ ಮಾಡಲು ನಿಮಗೆ ಹಕ್ಕಿದೆ.

ಪ್ರಶ್ನೆ: ನ್ಯುಮೋನಿಯಾ ಆಗಿ ತಂದೆಯವರನ್ನು ಸೇರಿಸಿದ್ದೆವು. ಮನೆಯಲ್ಲಿ ಅವರಿಗೆ ಒಮ್ಮೆಯೂ ಶುಗರ್ ಲೋ ಆಗಿರಲಿಲ್ಲ. ನಾಲ್ಕನೇ ರಾತ್ರಿ 3 ಗಂಟೆಗೆ ಬನಿಯನ್ ಒದ್ದೆಯಾಗುವಷ್ಟು ಬೆವರು. ಜ್ವರ ಬಿಡ್ತಾ ಇದೆ ಎಂದು ಸಮಾಧಾನ ಮಾಡಿಕೊಂಡೆ. ಸಿಸ್ಟರ್ ಚುಚ್ಚಿ ನೋಡಿದರೆ 48! ಆಸ್ಪತ್ರೆಯಲ್ಲೇ ಹೀಗಾದರೆ ಹೇಗೆ?
— ದಾವಣಗೆರೆ ಓದುಗರು

ಉತ್ತರ: ಆಸ್ಪತ್ರೆಯಲ್ಲೇ ಹೀಗಾಗುವುದು ಜಾಸ್ತಿ. ಕೇಳಲು ಕಷ್ಟವಾದರೂ ನಿಜ.

ಮನೆಯಲ್ಲಿ ನಿಮ್ಮ ತಂದೆಯ ಊಟಕ್ಕೊಂದು ಲಯ ಇರುತ್ತದೆ. ಆಸ್ಪತ್ರೆಯಲ್ಲಿ ಎರಡು ಗಡಿಯಾರ. ಒಂದು ಇನ್ಸುಲಿನ್ ಟ್ರಾಲಿಯದು, ಇನ್ನೊಂದು ಊಟದ ಟ್ರಾಲಿಯದು. ಎರಡೂ ಒಂದೇ ಟೈಮ್ ತೋರಿಸುವುದು ಅಪರೂಪ. ಸಾದಾ ರೆಗ್ಯುಲರ್ ಇನ್ಸುಲಿನ್ ಹಾಕಿ ಅರ್ಧ ಗಂಟೆಗೆ ಊಟ ಬೀಳಬೇಕು. ಎಕ್ಸ್‌ರೇಗೆ ಕರೆದುಕೊಂಡು ಹೋದರು, ಡಾಕ್ಟರ್ ರೌಂಡ್ಸ್ ಬಂದರು, ಟ್ರೇ ಆರಿ ತಣ್ಣಗಾಯಿತು. ಇನ್ಸುಲಿನ್‌ಗೆ ಇದೆಲ್ಲ ಗೊತ್ತಾಗುವುದಿಲ್ಲ. ಅದರ ಪಾಡಿಗೆ ಅದು ಕೆಲಸ ಮಾಡುತ್ತದೆ. ಇನ್ನೊಂದು ಕಾರಣ, ಸೋಂಕು ಇಳಿಯುತ್ತಾ ಬಂದಾಗ ದೇಹಕ್ಕೆ ಬೇಕಾಗುವ ಇನ್ಸುಲಿನ್ ಕೂಡ ಇಳಿಯುತ್ತದೆ. ಮೊದಲ ದಿನದ ಡೋಸ್ ನಾಲ್ಕನೇ ದಿನಕ್ಕೆ ಭಾರವಾಗುತ್ತದೆ. ಕಿಡ್ನಿ ಸೋತಿದ್ದರೆ ಹಾಕಿದ ಇನ್ಸುಲಿನ್ ಹೊರಗೆ ಹೋಗುವುದೂ ನಿಧಾನ.

ನಾನೇ ಮಾಡಿದ ತಪ್ಪೊಂದನ್ನು ಹೇಳುತ್ತೇನೆ. ಸರ್ವೀಸಿನ ನಾಲ್ಕನೇ ವರ್ಷ. ಬೆಳಿಗ್ಗೆ ಏಳೂವರೆಗೆ ಒಬ್ಬರಿಗೆ 12 ಯೂನಿಟ್ ಹಾಕಿದೆ. ಮುಂದಿನ ಹಾಸಿಗೆಗೆ ಹೋದೆ. ಅಷ್ಟರಲ್ಲಿ ವಾರ್ಡ್ ಬಾಯ್ ಬಂದು ಅವರನ್ನು ಸ್ಕ್ಯಾನಿಂಗ್‌ಗೆ ತಳ್ಳಿಕೊಂಡು ಹೋದ. ಖಾಲಿ ಹೊಟ್ಟೆಯಲ್ಲಿ ಮಾಡಬೇಕಾದ ಸ್ಕ್ಯಾನ್. ನನಗೆ ಯಾರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಅವರ ಇಡ್ಲಿ ಲಾಕರ್ ಮೇಲೆ ಪೇಪರ್ ಮುಚ್ಚಿಕೊಂಡು ಕೂತಿತ್ತು. ಹತ್ತು ಗಂಟೆ ದಾಟಿ ವಾಪಸ್ ಬಂದಾಗ ಮೈ ತಣ್ಣಗೆ, ನನ್ನನ್ನು ತಂಗಿಯ ಹೆಸರು ಹಿಡಿದು ಕರೆಯುತ್ತಿದ್ದಾರೆ. ನೋಡಿದರೆ 39. ರಕ್ತನಾಳಕ್ಕೆ ಡೆಕ್ಸ್‌ಟ್ರೋಸ್, ಅಂದರೆ ಗ್ಲೂಕೋಸ್ ನೀರು, ಕೊಟ್ಟೆವು. ಸ್ವಲ್ಪ ಹೊತ್ತಿಗೆ ಕಣ್ಣು ಬಿಟ್ಟು ಮೊದಲು ಕೇಳಿದ್ದು, ‘ನನ್ನ ಇಡ್ಲಿ ಎಲ್ಲಮ್ಮ?’ ಅವರು ನಕ್ಕರು. ನಾನು ಸ್ಟೋರ್ ರೂಮಿಗೆ ಹೋಗಿ ಅತ್ತೆ. ಆ ದಿನದಿಂದ ಊಟದ ತಟ್ಟೆ ಕಣ್ಣಿಗೆ ಕಾಣದೆ ಊಟದ ಇನ್ಸುಲಿನ್‌ಗೆ ಕೈ ಹಾಕಿಲ್ಲ.

ನಿಮ್ಮ ಪಾಲಿನ ಕೆಲಸ ಇದು. ತಂದೆ ಅರ್ಧ ಚಪಾತಿ ಬಿಟ್ಟರೆ ಅದನ್ನು ನೀವು ತಿಂದು ತಟ್ಟೆ ಖಾಲಿ ಮಾಡಿ ಇಡಬೇಡಿ. ನಮಗೆ ಬೇಕಾಗಿರುವುದೇ ಆ ಉಳಿದ ಅರ್ಧದ ಲೆಕ್ಕ. ‘ಪಾಪ ಮಲಗಿದ್ದಾರೆ, ಎಬ್ಬಿಸೋದು ಬೇಡ’ ಎಂದು ರಾತ್ರಿ ಊಟ ತಪ್ಪಿಸಿದರೆ ಕೂಡಲೇ ಹೇಳಿ.

70ಕ್ಕಿಂತ ಕೆಳಗಿದ್ದರೆ ಲೋ ಎಂದು ಲೆಕ್ಕ. ಎಚ್ಚರ ಇದ್ದು ನುಂಗುವ ಹಾಗಿದ್ದರೆ 15 ಗ್ರಾಂ ಸಕ್ಕರೆ, ಅಂದರೆ ಮೂರು ಟೀ ಚಮಚ, ಅರ್ಧ ಲೋಟ ನೀರಿಗೆ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಬೇಕು. ಏರದಿದ್ದರೆ ಮತ್ತೆ ಅಷ್ಟೇ ಕೊಡಬೇಕು. ಚಾಕೊಲೇಟ್ ಬೇಡ, ಅದರ ಕೊಬ್ಬು ಸಕ್ಕರೆ ಏರುವುದನ್ನು ನಿಧಾನ ಮಾಡುತ್ತದೆ. ಅಕಾರ್ಬೋಸ್ ಅಥವಾ ವೋಗ್ಲಿಬೋಸ್ ಎಂಬ ಶುಗರ್ ಮಾತ್ರೆ ತೆಗೆದುಕೊಳ್ಳುವವರಿಗೆ ಅಡುಗೆಮನೆಯ ಸಕ್ಕರೆ ಬೇಗ ಕೆಲಸ ಮಾಡುವುದಿಲ್ಲ, ಗ್ಲೂಕೋಸ್ ಪುಡಿಯೇ ಬೇಕು. ಮಂಪರಿನಲ್ಲಿದ್ದರೆ ಬಾಯಿಗೆ ಏನೂ ಹಾಕಬೇಡಿ, ಉಸಿರಿನ ದಾರಿಗೆ ಹೋಗುತ್ತದೆ. ಸಿಸ್ಟರನ್ನು ಕೂಗಿ. ಮೆಲ್ಲಗೆ ಕರೆಯುವುದಲ್ಲ, ಕೂಗಿ.

ಆ ಬೆವರನ್ನು ನೆನಪಿಟ್ಟುಕೊಳ್ಳಿ. ಕೆಲವು ಬಿಪಿ, ಹೃದಯದ ಮಾತ್ರೆಗಳು ಲೋ ಆದಾಗಿನ ನಡುಕವನ್ನೂ ಎದೆಬಡಿತವನ್ನೂ ಮುಚ್ಚಿಹಾಕುತ್ತವೆ. ಬೆವರನ್ನು ಮಾತ್ರ ಮುಚ್ಚುವುದಿಲ್ಲ.

ಅಂದಹಾಗೆ, ‘ಇಷ್ಟು ದಿನವಾದರೂ 170 ಇದೆ, ಯಾಕೆ ನಾರ್ಮಲ್‌ಗೆ ತರಲಿಲ್ಲ’ ಎಂದೂ ಕೇಳಿದ್ದೀರಿ. ಅಡ್ಮಿಟ್ ಆದವರಲ್ಲಿ ಹೆಚ್ಚಿನವರಿಗೆ 140ರಿಂದ 180 ಸಾಕು. 2009ರಲ್ಲಿ ನೈಸ್-ಶುಗರ್ ಎಂಬ ದೊಡ್ಡ ಅಧ್ಯಯನ ಹೊರಬಂತು. ಐಸಿಯುನಲ್ಲಿದ್ದ ಆರು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ಎರಡು ಗುಂಪು ಮಾಡಿದ್ದರು. ಸಕ್ಕರೆಯನ್ನು 81ರಿಂದ 108ರೊಳಗೆ ಬಿಗಿಯಾಗಿ ಹಿಡಿಯಲು ಹೋದ ಗುಂಪಿನಲ್ಲಿ ಸತ್ತವರು, 180ರ ಒಳಗಿದ್ದರೆ ಸಾಕು ಎಂದ ಗುಂಪಿಗಿಂತ ಜಾಸ್ತಿ. ಆಮೇಲೆ ಎಷ್ಟೋ ಕಡೆ ಹಗ್ಗ ಸಡಿಲ ಬಿಟ್ಟರು.

ಪ್ರಶ್ನೆ: ಆಸ್ಪತ್ರೆಯಲ್ಲಿ ಕೆಂಪು ಮುಚ್ಚಳದ ಸಿರಿಂಜ್ ಕೊಟ್ಟಿದ್ದರು. ಊರಿನ ಮೆಡಿಕಲ್ ಶಾಪ್‌ನಲ್ಲಿ ಕಿತ್ತಳೆ ಮುಚ್ಚಳದ್ದು ಕೊಟ್ಟು ‘ಎರಡೂ ಒಂದೇ’ ಎಂದರು. ಹೌದೇ?
— ಶಿರಸಿ

ಉತ್ತರ: ಅಲ್ಲ, ಅಲ್ಲ, ಅಲ್ಲ. ನಮ್ಮ ದೇಶದಲ್ಲಿ ಸಿಗುವ ಬಹಳಷ್ಟು ಇನ್ಸುಲಿನ್ ಬಾಟಲಿಯಲ್ಲಿ ಒಂದು ಎಂಎಲ್‌ಗೆ 40 ಯೂನಿಟ್ ಇರುತ್ತದೆ. ಅದಕ್ಕೆ ಕೆಂಪು ಮುಚ್ಚಳದ ಸಿರಿಂಜ್. 100 ಯೂನಿಟ್‌ನ ಬಾಟಲಿಗೆ ಕಿತ್ತಳೆ ಮುಚ್ಚಳದ ಸಿರಿಂಜ್. 40ರ ಇನ್ಸುಲಿನ್ ಅನ್ನು ಕಿತ್ತಳೆ ಸಿರಿಂಜಿನಲ್ಲಿ 20ರ ಗೆರೆಯವರೆಗೆ ಎಳೆದರೆ ಒಳಗೆ ಹೋಗುವುದು ಬರೀ 8 ಯೂನಿಟ್. ಉಲ್ಟಾ ಆದರೆ ಜೀವಕ್ಕೇ ಬರುತ್ತದೆ: 100ರದ್ದನ್ನು ಕೆಂಪು ಸಿರಿಂಜಿನಲ್ಲಿ 20ಕ್ಕೆ ಎಳೆದರೆ 50 ಯೂನಿಟ್! ಇನ್ಸುಲಿನ್ ಪೆನ್ನಿನೊಳಗೆ ಇರುವುದು ಸಾಮಾನ್ಯವಾಗಿ 100ರದ್ದು. ಹಾಗಾಗಿ ಪೆನ್ನು ಕೆಟ್ಟಿತೆಂದು ಅದರ ಕಾರ್ಟ್ರಿಡ್ಜ್‌ನಿಂದ ಸಿರಿಂಜಿಗೆ ಎಳೆಯಬೇಡಿ. ಬಾಟಲಿಯನ್ನೇ ಅಂಗಡಿಗೆ ತೆಗೆದುಕೊಂಡು ಹೋಗಿ, ಎರಡರ ಮೇಲಿನ ನಂಬರ್ ಹೊಂದುತ್ತದೆಯೇ ನೋಡಿ ತನ್ನಿ. ಸದ್ಯಕ್ಕೆ ಆ ಕಿತ್ತಳೆ ಸಿರಿಂಜನ್ನು ವಾಪಸ್ ಕೊಟ್ಟು ಬನ್ನಿ.

ಪ್ರಶ್ನೆ: ನಮ್ಮ ಯಜಮಾನರು ಜ್ವರಕ್ಕೆ ಅಡ್ಮಿಟ್ ಆದರು. ಹತ್ತು ವರ್ಷದ ಶುಗರ್. ಸಿಸ್ಟರ್ ದಿನಾ ಬಂದು ಕಾಲು ಬೆರಳ ಸಂದಿ ನೋಡುವುದು, ಹಿಮ್ಮಡಿ ಕೆಳಗೆ ದಿಂಬು ಇಡುವುದು. ಕಾಲಿಗೆ ಏನೂ ಆಗಿರಲಿಲ್ಲ, ನೋವೂ ಇರಲಿಲ್ಲ. ಕೇಳಿದರೆ ‘ಪ್ರೋಟೋಕಾಲ್’ ಅಂದರು. ಏನಿದು?
— ತೀರ್ಥಹಳ್ಳಿ

ಉತ್ತರ: ನೋವಿಲ್ಲ ಅನ್ನುತ್ತೀರಲ್ಲ, ನನಗೆ ಭಯ ಇರುವುದೇ ಅಲ್ಲಿ. ಹಳೆಯ ಶುಗರ್ ಕಾಲಿನ ನರಗಳ ಕಿವಿ ಮುಚ್ಚುತ್ತದೆ. ಒಬ್ಬರ ಚಪ್ಪಲಿಯನ್ನು ತಿರುಗಿಸಿ ನೋಡಿದಾಗ ಅಟ್ಟೆ ತೂರಿ ಬಂದ ಬೇಲಿಮುಳ್ಳು ಒಳಗೆ ನಿಂತಿತ್ತು. ಅಂಗಾಲಿನಲ್ಲಿ ಅದಕ್ಕೆ ಸರಿಯಾದ ತೂತು. ಎಷ್ಟು ದಿನದಿಂದ ಎಂದು ಕೇಳಿದರೆ, ‘ಗೊತ್ತೇ ಇಲ್ಲ ಸಿಸ್ಟರ್, ಕಾಲುಚೀಲ ವಾಸನೆ ಬಂತು ಅಂತ ಹೆಂಡತಿ ಕರ್ಕೊಂಡು ಬಂದ್ಲು’ ಅಂದರು. ಎರಡು ಬೆರಳು ಹೋದವು.

ಸಿಸ್ಟರ್ ಕಣ್ಣಿನಲ್ಲಿ ನೋಡುವುದರ ಜೊತೆಗೆ ಮೀನಿನ ಗಾಳದ ದಾರದಂಥ ನೈಲಾನ್ ಎಳೆಯಿಂದ ಅಂಗಾಲನ್ನು ಮುಟ್ಟಿದ್ದರೆ ಅದು ಸ್ಪರ್ಶದ ಪರೀಕ್ಷೆ. ಆ ಎಳೆ ಬಾಗುವಾಗ 10 ಗ್ರಾಂ ಒತ್ತಡ ಬೀಳುತ್ತದೆ. ಅದು ತಿಳಿಯದಿದ್ದರೆ ಕಾಲಿಗೆ ಕಾವಲು ಬೇಕು ಎಂದು ಅರ್ಥ. ದಿಂಬಿನ ವಿಷಯ ಹೀಗೆ. ಸುಸ್ತಾಗಿ ಅಲುಗಾಡದೆ ಮಲಗಿದವರಿಗೆ ಹಿಮ್ಮಡಿಯ ಮೂಳೆಗೂ ಹಾಸಿಗೆಗೂ ನಡುವೆ ಚರ್ಮ ಜಜ್ಜಿಹೋಗುತ್ತದೆ. ಬೇರೆಯವರಾದರೆ ಉರಿ ಎಂದು ಕಾಲು ಸರಿಸುತ್ತಾರೆ. ಇವರಿಗೆ ಉರಿಯೇ ಗೊತ್ತಾಗುವುದಿಲ್ಲ. ದಿಂಬು ಇಡಬೇಕಾದದ್ದು ಮೀನಖಂಡದ ಕೆಳಗೆ. ಹಿಮ್ಮಡಿ ಏನನ್ನೂ ಮುಟ್ಟದೆ ಗಾಳಿಯಲ್ಲಿರಬೇಕು. ನೀವು ಬರೆದ ಹಾಗೆ ಹಿಮ್ಮಡಿ ಕೆಳಗೇ ಇಟ್ಟಿದ್ದರೆ ಅದು ತಪ್ಪು, ಯಾರೇ ಇಟ್ಟಿರಲಿ.

ಈಗ ಮನೆಯ ಮಾತು. ನಿಮ್ಮದು ತೋಟದ ಮನೆ ಎಂದು ಬರೆದಿದ್ದೀರಿ. ಮಳೆಗಾಲದಲ್ಲಿ ತೋಟಕ್ಕೆ ಗಂಬೂಟು ಹಾಕದೆ ಇಳಿಯಬಾರದು. ಹಾಕುವ ಮುನ್ನ ಬೂಟನ್ನು ಬೋರಲು ಹಾಕಿ ಕೊಡವಬೇಕು. ಮನೆಗೆ ಬಂದ ಮೇಲೆ ಒದ್ದೆ ಕಾಲುಚೀಲ ತೆಗೆದು ಬೆರಳ ಸಂದಿ ಒರೆಸಬೇಕು. ಅಲ್ಲಿಗೆ ಎಣ್ಣೆ, ಕ್ರೀಮು ಹಚ್ಚುವುದು ಬೇಡ. ಹಿಮ್ಮಡಿಗೆ ಹಚ್ಚಬಹುದು. ಚಳಿಗಾಲದಲ್ಲಿ ಒಲೆ ಮುಂದೆ ಕಾಲು ಚಾಚಿ ಕೂರುವುದು ನಮ್ಮ ಮಲೆನಾಡಿನ ಸುಖ, ಒಪ್ಪುತ್ತೇನೆ. ಆದರೆ ಸ್ಪರ್ಶ ಹೋದ ಕಾಲಿಗೆ ಅದು ಸುಡುವ ಕೊಳ್ಳಿ. ಬಿಸಿನೀರಿನ ಬ್ಯಾಗೂ ಅಷ್ಟೇ. ಸ್ನಾನದ ನೀರನ್ನು ಮೊಣಕೈಯಿಂದ ಮುಟ್ಟಿ ನೋಡಲಿ, ಸಾಧ್ಯವಾದರೆ ನೀವೇ ನೋಡಿ. ಏಪ್ರಿಲ್ ಮಧ್ಯಾಹ್ನ ದೇವಸ್ಥಾನದ ಕಲ್ಲುಚಪ್ಪಡಿ ಮೇಲೆ ಬರಿಗಾಲು ಬೇಡ. ಬೆಳಿಗ್ಗೆ ಆರಕ್ಕೆ ಹೋಗಿ, ದೇವರು ಆಗಲೂ ಇರುತ್ತಾನೆ. ಆಣಿಯನ್ನು ಬ್ಲೇಡಿನಲ್ಲಿ ಕೆರೆಯುವುದು, ಗಾಯಕ್ಕೆ ಕಾಫಿಪುಡಿ, ಸುಣ್ಣ ಮೆತ್ತುವುದು ಮಾಡಿದರೆ ನನಗೆ ಪತ್ರ ಬರೆಯಬೇಡಿ, ಸೀದಾ ಸರ್ಜನ್ ಹತ್ತಿರ ಹೋಗಿ.

ಪ್ರಶ್ನೆ: ರೋಗಿ ನೋಡಲು ಬಂದವರು ಎಳನೀರು ತರುತ್ತಾರೆ. ಶುಗರ್ ಇದ್ದವರಿಗೆ ಕೊಡಬಹುದೇ? ರಾಗಿ ಗಂಜಿ?
— ಮಂಡ್ಯ

ಉತ್ತರ: ಎಳನೀರಿನಲ್ಲಿ ಸಕ್ಕರೆ ಇದೆ, ಆದರೆ ನನ್ನ ತಲೆನೋವು ಅದರ ಪೊಟ್ಯಾಸಿಯಂ. ಕಿಡ್ನಿ ಸೋತವರಿಗೆ ಅದು ಹೃದಯದ ಬಡಿತವನ್ನೇ ಕೆಡಿಸಬಹುದು. ಸಿಸ್ಟರನ್ನು ಕೇಳಿ ಕೊಡಿ. ಕೊಟ್ಟದ್ದನ್ನು ಹೇಳಿ, ಚಾರ್ಟಿನಲ್ಲಿ ಬರೆಯಬೇಕು. ರಾಗಿ ಗಂಜಿ ವಿಷವಲ್ಲ, ಅಮೃತವೂ ಅಲ್ಲ. ನುಣ್ಣಗೆ ಬೇಯಿಸಿದ ತೆಳು ಗಂಜಿ ಸಕ್ಕರೆಯನ್ನು ಬೇಗ ಏರಿಸುತ್ತದೆ. ಊಟದ ಲೆಕ್ಕದಲ್ಲಿ ಅದೂ ಸೇರಲಿ.

ಪ್ರಶ್ನೆ: ನಾನು ಬಿ.ಎಸ್ಸಿ. ನರ್ಸಿಂಗ್ ಎರಡನೇ ವರ್ಷ. ಡಯಾಬಿಟಿಸ್ ರೋಗಿಯ ಕೇರ್ ಪ್ಲಾನ್ ಬರೆಯಬೇಕು. ಪುಸ್ತಕದಲ್ಲಿ ಇದ್ದದ್ದನ್ನೇ ಎಲ್ಲರೂ ಬರೆಯುತ್ತೇವೆ. ಮೇಡಂ ಎಲ್ಲರದ್ದನ್ನೂ ಹೊಡೆದುಹಾಕುತ್ತಾರೆ.
— ಕಲಬುರಗಿ ವಿದ್ಯಾರ್ಥಿನಿ

ಉತ್ತರ: ನಿಮ್ಮ ಮೇಡಂಗೆ ನನ್ನ ನಮಸ್ಕಾರ ಹೇಳಿ.

ನರ್ಸಿಂಗ್ ಡಯಾಗ್ನೋಸಿಸ್‌ನ ಹೆಸರುಗಳ ಪಟ್ಟಿ ಮಾಡಲು ಅಮೆರಿಕದ ನರ್ಸ್‌ಗಳು 1973ರಲ್ಲಿ ಸೇಂಟ್ ಲೂಯಿಸ್‌ನಲ್ಲಿ ಕೂತರು. 1982ರಲ್ಲಿ ಅದೇ ನಾಂಡಾ ಸಂಘವಾಯಿತು. ನೀವು ಬಾಯಿಪಾಠ ಮಾಡುವ ಹೆಸರುಗಳು ಬಂದದ್ದು ಅಲ್ಲಿಂದ. ಹೆಸರು ಪುಸ್ತಕದಿಂದ ಬರಲಿ, ತೊಂದರೆ ಇಲ್ಲ. ಅದರ ಮುಂದಿನ ಎರಡು ಮಾತು, ಯಾವುದರಿಂದ ಮತ್ತು ಏನು ನೋಡಿ ಹೇಳುತ್ತೀರಿ ಎಂಬುದು, ಹಾಸಿಗೆಯಿಂದಲೇ ಬರಬೇಕು. ‘ಡಯಾಬಿಟಿಸ್‌ನಿಂದ ಪೋಷಣೆಯ ಏರುಪೇರು’ ಎಂದರೆ ಏನು ಹೇಳಿದ ಹಾಗಾಯಿತು? ‘ಹಲ್ಲಿಲ್ಲ, ಆಸ್ಪತ್ರೆಯ ರೊಟ್ಟಿ ಅಗಿಯಲಾಗುತ್ತಿಲ್ಲ, ಎರಡು ದಿನದಿಂದ ಕಾಲು ಭಾಗ ಮಾತ್ರ ತಿಂದಿದ್ದಾರೆ’ ಎಂದು ಬರೆದರೆ ಮುಂದೆ ಏನು ಮಾಡಬೇಕು ಎನ್ನುವುದೂ ಅದರಲ್ಲೇ ಇದೆ. ರೊಟ್ಟಿ ಬದಲು ಮೆತ್ತಗಿನದು ತರಿಸಿ, ಊಟದ ಇನ್ಸುಲಿನ್ ಕೊಡುವ ಮುಂಚೆ ಡಾಕ್ಟರ್‌ಗೆ ಹೇಳಿ. ಅಪಾಯ ಎಂದು ಶುರುವಾಗುವ ಸಾಲಿಗೆ ಮಾತ್ರ ಲಕ್ಷಣ ಬರೆಯಬೇಡಿ. ಅದು ಇನ್ನೂ ಆಗಿಲ್ಲ. ಆಗಿದ್ದರೆ ಅದು ಅಪಾಯವಲ್ಲ, ಸಮಸ್ಯೆ.

ಪೆನ್ನು ತೆಗೆಯುವ ಮುಂಚೆ ಚಾದರ ಸರಿಸಿ ಕಾಲು ನೋಡಿ, ಊಟದ ತಟ್ಟೆ ನೋಡಿ, ಲಾಕರ್ ಡ್ರಾಯರ್ ನೋಡಿ. ನಾನೊಂದು ಡ್ರಾಯರ್‌ನಲ್ಲಿ ಅರ್ಧ ಕೆಜಿ ಮೈಸೂರ್‌ಪಾಕ್ ಕಂಡಿದ್ದೇನೆ. ಮೂರು ದಿನದಿಂದ ಇನ್ಸುಲಿನ್ ಏರಿಸುತ್ತಲೇ ಇದ್ದೆವು, ಸಕ್ಕರೆ ಇಳಿದಿರಲಿಲ್ಲ. ಬೈಯಲಿಲ್ಲ. ಬೈದಿದ್ದರೆ ಡ್ರಾಯರ್ ಬಿಟ್ಟು ದಿಂಬಿನ ಕೆಳಗೆ ಇಡುತ್ತಿದ್ದರು. ಮಗಳು ಊರಿಂದ ತಂದದ್ದಂತೆ. ಬೆಳಿಗ್ಗೆ ರೌಂಡ್ಸ್‌ನಲ್ಲಿ ಅವರೇ ಡಾಕ್ಟರ್‌ಗೆ ಒಪ್ಪಿಸಿದರು.

ಪ್ರಶ್ನೆ: ನಿವೃತ್ತ ಬಸ್ ಕಂಡಕ್ಟರ್, 61 ವರ್ಷ. ಉಬ್ಬಸ ಜಾಸ್ತಿಯಾಗಿ ಸೇರಿದ್ದೆ. ಸ್ಟೀರಾಯ್ಡ್ ಕೊಟ್ಟರು, ಶುಗರ್ 380 ಆಯಿತು, ಇನ್ಸುಲಿನ್ ಹಾಕಿದರು. ಈಗ ಮನೆಯಲ್ಲೂ ಕೆಲವು ವಾರ ಹಾಕಿಕೊಳ್ಳಿ ಎನ್ನುತ್ತಾರೆ. ಇನ್ಸುಲಿನ್ ಎಂದರೆ ಕೊನೇ ಸ್ಟಾಪ್, ಅಲ್ಲಿಂದ ವಾಪಸ್ ಬಸ್ ಇಲ್ಲ ಎನ್ನುತ್ತಾರೆ. ಬಾಟಲಿ ಫ್ರಿಜ್‌ನಲ್ಲಿದೆ, ಇನ್ನೂ ಮುಟ್ಟಿಲ್ಲ. ಎಷ್ಟು ದಿನ ಆಯಿತು ಎಂದು ಕೇಳಬೇಡಿ.
— ಗದಗ

ಉತ್ತರ: ಕೇಳಿಯೇ ಕೇಳುತ್ತೇನೆ, ಎಷ್ಟು ದಿನವಾಯಿತು? ಸ್ಟೀರಾಯ್ಡ್ ಮಾತ್ರೆ ಮಾತ್ರ ನುಂಗುತ್ತಾ ಇನ್ಸುಲಿನ್ ಬಿಟ್ಟಿದ್ದರೆ ಈ ಪುಟವನ್ನು ಇಲ್ಲೇ ಮಡಚಿ. ಸಂಜೆ ಶುಗರ್ ಚೆಕ್ ಮಾಡಿಸಿ. ಬೆಳಿಗ್ಗೆ ತೆಗೆದುಕೊಂಡ ಸ್ಟೀರಾಯ್ಡ್ ಸಕ್ಕರೆಯನ್ನು ಏರಿಸುವುದು ಮಧ್ಯಾಹ್ನ ಮೇಲೆ. ಬೆಳಗಿನ ಖಾಲಿ ಹೊಟ್ಟೆಯ ರಿಪೋರ್ಟ್ ಚೆನ್ನಾಗಿದೆ ಎಂದು ಮೋಸ ಹೋಗಬೇಡಿ. ಫೋನ್ ಮಾಡಿ ಡಾಕ್ಟರ್‌ಗೆ ಇದ್ದದ್ದು ಇದ್ದ ಹಾಗೆ ಹೇಳಿ. ಸ್ಟೀರಾಯ್ಡನ್ನು ನೀವಾಗಿ ಥಟ್ಟನೆ ನಿಲ್ಲಿಸಬೇಡಿ, ಅದು ಬೇರೆ ಅಪಾಯ.

ನಿಮ್ಮ ಫೈಲು ನನ್ನ ಕೈಯಲ್ಲಿದ್ದಿದ್ದರೆ ನಾನು ಬರೆಯುತ್ತಿದ್ದ ಮೊದಲ ಸಾಲು ಸಕ್ಕರೆಯದಲ್ಲ, ‘ಭಯ’. ನಾಚಿಕೆ ಬೇಡ, ಅದೂ ನಮ್ಮ ಪಟ್ಟಿಯಲ್ಲಿರುವ ಹೆಸರೇ. ಸ್ಟೀರಾಯ್ಡ್‌ನಿಂದ ಏರಿದ ಸಕ್ಕರೆ, ಸ್ಟೀರಾಯ್ಡನ್ನು ಕಮ್ಮಿ ಮಾಡುತ್ತಾ ಬಂದ ಹಾಗೆ ಎಷ್ಟೋ ಜನರಲ್ಲಿ ಇಳಿಯುತ್ತದೆ. ಇನ್ಸುಲಿನ್ ನಿಲ್ಲಿಸಿ ಮನೆಗೆ ಹೋದವರನ್ನು ನಾನು ಬೇಕಾದಷ್ಟು ಕಂಡಿದ್ದೇನೆ. ಹಾಗಾಗಿ ವಾಪಸ್ ಬಸ್ ಇದೆ. ನಿಮಗೆ ಎಲ್ಲಿ ಇಳಿಸುತ್ತದೆ ಎಂದು ನಿಮ್ಮ ಡಾಕ್ಟರ್ ಹೇಳಬೇಕು. ಕೊನೇ ಸ್ಟಾಪ್ ಎನ್ನುವವರಿಗೆ ಇದನ್ನು ಹೇಳಿ: 1922ರ ಜನವರಿಯಲ್ಲಿ ಕೆನಡಾದ ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಂಪ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಇನ್ಸುಲಿನ್ ಹಾಕಿದರು. ಸಾಯಲು ಬಿದ್ದಿದ್ದ ಹುಡುಗ ಅದರ ನಂತರ ಹದಿಮೂರು ವರ್ಷ ಬದುಕಿದ.

ಸೂಜಿ ಬಹಳ ಸಣ್ಣದು. ಹೊಟ್ಟೆಯಲ್ಲಿ, ಹೊಕ್ಕುಳಿನಿಂದ ಎರಡು ಬೆರಳು ದೂರ ಬಿಟ್ಟು ಹಾಕಬೇಕು. ಬಾಟಲಿ ಮೋಡದ ಹಾಗೆ ಬೆಳ್ಳಗಿದ್ದರೆ ಅಂಗೈಗಳ ನಡುವೆ ಇಪ್ಪತ್ತು ಸಲ ಉರುಳಿಸಿ, ಕುಲುಕಬೇಡಿ. ಮೊದಲ ಸಲ ಹತ್ತಿರದ ಆರೋಗ್ಯ ಕೇಂದ್ರದ ಸಿಸ್ಟರ್ ಎದುರು ನೀವೇ ಹಾಕಿಕೊಳ್ಳಿ, ಅವರ ಕೈಗೆ ಕೊಡಬೇಡಿ. ಓಡುವ ಬಸ್ಸಿನಲ್ಲಿ ನಿಂತು ಟಿಕೆಟ್ ಹರಿದು ಚಿಲ್ಲರೆ ಎಣಿಸಿದ ಕೈ ನಿಮ್ಮದು. ನಿಂತ ನೆಲದಲ್ಲಿ ನಡುಗುವುದಿಲ್ಲ.

ಹಾಕಿಕೊಂಡ ದಿನ ಒಂದು ಕಾರ್ಡ್ ಬರೆಯಿರಿ. ಸಂಜೆಯ ಶುಗರ್ ಎಷ್ಟಿತ್ತು ಎಂಬುದೂ ಅದರಲ್ಲಿರಲಿ.